ಕರೆಂಟ್ ಹೋದಾಗಿನ ಗಿಲಕಿ

ಬನಹಟ್ಟಿಯೊಳಗ ನಮ್ಮ ಓಣಿಯ ಕೂಸುಗಳು
ಸಪ್ಪಳದಾಗ ಮಲಗತಾವು,
ಸುಮ್ಮನಾದ್ರ ಏಳತಾವು.
ನಾಕು ಮಗ್ಗ ಖಟಾಖಟಾ ಬಡಕೊಳ್ಳುವಾಗ
ತೊಟ್ಟಿಲದಾಗ ನನ್ನ ಮಗಳು
ಬಾಯಿ ತಗದು, ಮುಷ್ಟಿ ಬಿಟ್ಟು, ಗಡದ್ದ ನಿದ್ದಿ.
ಕರೆಂಟ್ ಹೋತಂದ್ರ ಮುಗೀತು.
ನಿಂತ ಮಗ್ಗದ ಕೆಳಗಿಂದ ಎದ್ದು ಬರೂ
ಆ ಸುಮ್ಮನಿಕಿಗೆ ಅಂಜಿ
ಕಿಟಾರ್ ಅಂತ ಕಿರಚತೈತಿ.

ಹಂಗಂತ ಶಾಕವ್ವ ಹೇಳತಾಳ.
ನನಗ ಕಾಣೂದು ತಗದ ಬಾಯಷ್ಟ,
ಕೆಂಪನ್ನ ಒಸಡು, ಅದರಾಗ
ಅಕ್ಕಿನುಚ್ಚಿನಷ್ಟು ಒಂದ ಹಲ್ಲು.
ಇಪ್ಪತ್ತೆರಡು ವರ್ಷದ ಮಗ್ಗ
ಎಡಗಿವಿ ಪೂರಾ ತಿಂದೈತಿ,
ಬಲಗಿವಿ ಅರ್ಧಾ ಬಾಕಿ ಇಟ್ಟೈತಿ,
ಸಾವಕಾರ ಪಗಾರ ಇಟ್ಟಂಗ.

ಅದಕ್ಕ ಗಿಲಕಿ ಮಾಡಾಕ ಕುಂತೆ.
ನಮ್ಮವ್ವನ ಹಳೇ ಸುಣ್ಣದ ಡಬ್ಬಿ,
ಮೂರು ಸಲ ತೊಳದು ಬಿಸಲಿಗಿಟ್ಟಿದ್ದೆ.
ಎದುರಿನ ಮುರಿಗೆವ್ವಾಯಿ ಸೆರಗಿನ ಗಂಟು ಬಿಚ್ಚಿ
ಗುಲಗಂಜಿ ಕೊಟ್ಟಳು, ಚಂದ ಅದಾವು ಅಂತ.
ಶಾಕವ್ವ ನನ್ನ ಕೈಮ್ಯಾಲ ಹೊಡದ್ಲು.
ವಿಷ ಅದು! ಮುಚ್ಚಳ ಬಿಚ್ಚಿದ್ರ?
ಬಂಗಾರ ತೂಗಾಕ ಇರಲಿ ಅಂತ
ಮುರಿಗೆವ್ವಾಯಿ ಮತ್ತ ಗಂಟು ಹಾಕಿದ್ಲು,
ತೂಗಾಕ ಬಂಗಾರ ಎಲ್ಲೈತೋ ಏನೋ.

ಹಿಡಿ ಬಿಳಿಜೋಳ ಹಾಕಿ ಅಲುಗಿಸಿದೆ.
ಶಾಕವ್ವನ ತುಟಿ ನೋಡಿದೆ.
ದೂರದಾಗ ಮಳಿ ಬಂದಂಗ ಐತಿ, ಅಂದ್ಲು.
ಕೂಸು ಅತ್ತಿತು.
ಕುಸುಬಿ ಹಾಕಿದೆ.
ಯಾರೋ ಮರದಾಗ ಕೇರಿದಂಗ, ಅಂದ್ಲು.
ಅತ್ತಿತು.
ಹುಣಸಿಬೀಜ ಹಾಕಿದೆ, ಹನ್ನೊಂದು.
ಅಯ್ಯ, ಇದು ನೀರಿನ ನಳದ ಜಗಳ!
ಅಳು ನಿಂತಿತು.
ಅದು ನನ್ನ ಅಂಗೈಗೂ ಗೊತ್ತಾತು.
ತಗಡಿನ ಒಳಗಿಂದ ಏನೋ ಬೆರಳು ತಟ್ಟಿ
ಅದಿ ಏನೋ ಅಂತ ಕೇಳಿದಂಗ.

ಆಮ್ಯಾಲ ಹುಚ್ಚ ಹಿಡೀತು.
ಮೂಲಿ ಒಡದ ಲಾಳಿ ತಂದು
ತುದಿಯ ಕಬ್ಬಿಣ ಕಿತ್ತು, ಉಸುಕಿನ ಕಾಗದದಾಗ ತಿಕ್ಕಿ
ಹೊಟ್ಟಿಯೊಳಗ ಎರಡು ಗೆಜ್ಜಿ ಕಟ್ಟಿದೆ.
ಜಾಬರ್ ದಸ್ತಗೀರ ಹದಿನಾಕು ಖಾಲಿ ಕಂಡಕಿ ಕೊಟ್ಟ,
ಸೀರಿ ಅಂಚಿಂದು ಉಳಿದ ಕೆಂಪು ನೂಲಾಗ ಪೋಣಿಸಿದೆ.
ಕರಟಕ್ಕ ಪುಗ್ಗಾದ ರಬ್ಬರ್ ಬಿಗಿದೆ, ಡಗ್ಗಾ ಆತು.
ಬಾರಿಸಿ ಗದ್ದಕ್ಕ ಹಚ್ಚಿಕೊಂಡೆ.
ಎಲುಬಿಗಿನ್ನೂ ಕಿವಿ ಐತಿ.
ಇದನ್ನ ಯಾರಿಗೂ ಹೇಳಿದ್ದಿಲ್ಲ.
ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ
ಹಲ್ಲಾಗ ಡಬ್ಬಿ ಕಚ್ಚಿ ಹಿಡದು
ಹನ್ನೊಂದು ಬೀಜ ಒಂದೊಂದಾಗಿ ಎಣಿಸಿದೆ.

ಮೊನ್ನೆ ಸೋಮವಾರ ಮಧ್ಯಾಹ್ನ
ಗಿರಣಿಗೆ ಹೋದ ಶಾಕವ್ವ
ಕರೆಂಟಿಲ್ಲಂತ ಬುಟ್ಟಿ ಇಟಗೊಂಡು ಅಲ್ಲೇ ಕುಂತಿದ್ದಳು.
ಇಲ್ಲಿ ನಾನು, ಕೂಸು, ನಿಂತ ನಾಕು ಮಗ್ಗ.
ನಿದ್ದಿ ಹತ್ತಿದ್ರ ನನಗ ಅಳು ಮುಟ್ಟೂದಿಲ್ಲ.
ತೊಟ್ಟಿಲದ ಮ್ಯಾಲ ತೂಗಬಿಟ್ಟ ಗಿಲಕಿಯಿಂದ
ಒಂದೆಳಿ ಹುರಿ ನೂಲು ಇಳಿಸಿ
ಕಾಲ ಹೆಬ್ಬೆರಳಿಗೆ ಸುತ್ತಿಕೊಂಡು ಅಡ್ಡಾದೆ.

ಎಷ್ಟೊತ್ತೋ.
ಹೆಬ್ಬೆರಳು ಜಗ್ಗಿತು. ಬಿಟ್ಟಿತು.
ಮತ್ತ ಎರಡು ಸಲ, ಬಿಡದ ಜಗ್ಗಿತು.
ಕಣ್ಣು ತಗದು ನೋಡಿದ್ರ
ಎರಡೂ ಕಾಲು ಮ್ಯಾಲೆತ್ತಿ
ಡಬ್ಬಿ ಒದ್ಯಾಕ ಹತ್ತಿತ್ತು, ಜೊಲ್ಲು ಸುರಿಸಿಕೋತ.
ಒದಿಯೂದು, ನನ್ನ ಬೆರಳು ಕುಣಿಯೂದು.
ನಾನೂ ಒಂದೀಟ ಜಗ್ಗಿದೆ.
ಅದು ತಡೀತು, ವಿಚಾರ ಮಾಡಿತು,
ಮತ್ತ ಒದೀತು.

ಸಂಜಿಮುಂದ ಕರೆಂಟ್ ಬಂತು, ಮಗ್ಗ ಎದ್ದುವು,
ಮಗಳು ಮಲಗಿದ್ಲು.
ತಲಿಮ್ಯಾಲ ಹಿಟ್ಟಿನ ಬುಟ್ಟಿ ಹೊತಗೊಂಡು
ಶಾಕವ್ವ ಬಾಗಿಲದಾಗ ನಿಂತು ಕೇಳಿದ್ಲು,
ತುಟಿ ನಿಧಾನ ಅಲುಗಿಸಿ:
ಭಾಳ ಅತ್ತಿತೇನು?

ಗೊತ್ತಿಲ್ಲ, ಅಂದೆ.
ಜಗ್ಗಿತು.